ಮರಳಿನ ಮೇಲೆ 5 ಸೆಂಟಿಮೀಟರ್ ನೀರು

ನಲ್ಲಿ ಬಾರದ, ಕರೆಂಟನ್ನು ನೆಚ್ಚಿಕೊಳ್ಳಲಾಗದ ಮನೆಗಳಿಗೆ, ಡಬ್ಬದಲ್ಲಿ ತುಂಬಿದ ಮರಳಿನಿಂದ ಕುಡಿಯುವ ನೀರು ಸೋಸುವ ಬಯೋಸ್ಯಾಂಡ್ ಫಿಲ್ಟರ್‌ನಷ್ಟು ಒಗ್ಗುವ ಸಾಧನ ಕಡಿಮೆ. ಆದರೂ ಕೂರಿಸಿ ವರ್ಷ ಕಳೆದ ಮೇಲೆ ನೋಡಿದರೆ ಕೆಲವು ಮೂಲೆಯಲ್ಲಿ ಒಣಗಿ ನಿಂತಿರುತ್ತವೆ. ಇನ್ನು ಕೆಲವು ನೀರನ್ನೇನೋ ಕೊಡುತ್ತಿರುತ್ತವೆ, ಶುದ್ಧ ಮಾಡುತ್ತಿರುವುದಿಲ್ಲ. ಕಾರಣ ಹುಡುಕುತ್ತ ಹೋದರೆ ಹೆಚ್ಚಿನ ಸಲ ಬಂದು ನಿಲ್ಲುವುದು ಒಂದೇ ಜಾಗಕ್ಕೆ: ಮರಳಿನ ಮೇಲೆ ಸದಾ ನಿಂತಿರಬೇಕಾದ 5 ಸೆಂಟಿಮೀಟರ್ ನೀರು.

ಮರಳಿನಲ್ಲಿ ನೀರು ಸೋಸುವುದು ಹಳೆಯ ವಿದ್ಯೆ. ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ 1829ರಲ್ಲೇ ಊರಿಗೆ ಸಾಲುವಷ್ಟು ದೊಡ್ಡದನ್ನು ಕಟ್ಟಿದ್ದ. ಅಂಥವುಗಳಲ್ಲಿ ನೀರು ಹಗಲೂ ರಾತ್ರಿ ಹರಿಯುತ್ತಿರಬೇಕು. ಮನೆಯಲ್ಲಿ ಹಾಗಾಗುವುದಿಲ್ಲ, ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಅಷ್ಟೇ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಂಜ್ 1990ರ ದಶಕದಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿದರು. ತಳದಿಂದ ಹೊರಡುವ ಪೈಪನ್ನು ಮೇಲಕ್ಕೆ ಏರಿಸಿ, ಅದರ ಬಾಯಿ ಮರಳಿನ ಮಟ್ಟಕ್ಕಿಂತ ತುಸು ಎತ್ತರದಲ್ಲಿರುವಂತೆ ಇಟ್ಟರು. ಹರಿವು ನಿಂತಾಗ ಮರಳು ಒಣಗುವುದಿಲ್ಲ, 5 ಸೆಂಟಿಮೀಟರ್ ನೀರು ಮೇಲೆ ಉಳಿಯುತ್ತದೆ. ರೋಗಾಣುಗಳನ್ನು ತಿನ್ನುವ ಜೀವಿಗಳ ಪದರ ಬೆಳೆಯುವುದು ಮರಳಿನ ಮೇಲ್ಮೈಯಲ್ಲಿ. ಅದಕ್ಕೆ ಬೇಕಾದ ಆಮ್ಲಜನಕ ಈ ತೆಳು ನೀರಿನ ಮೂಲಕವೇ ಇಳಿಯಬೇಕು. ಮಟ್ಟ 4 ಸೆಂಟಿಮೀಟರ್‌ಗಿಂತ ಕೆಳಗಿಳಿದರೆ ಬಿಸಿಲು ಕಾಲದಲ್ಲಿ ಆರಿಹೋಗಿ ಪದರ ಸಾಯುತ್ತದೆ. 6 ಮೀರಿದರೆ ಆಮ್ಲಜನಕ ತಲುಪದೆ ಪದರ ಸೊರಗುತ್ತದೆ. ಮರಳು ತುಸು ತೆಗೆದೋ ಹಾಕಿಯೋ ಇದನ್ನು ಸರಿಮಾಡಬಹುದು, ಐದು ನಿಮಿಷದ ಕೆಲಸ.

ಈಗ ಬಳಕೆಯಲ್ಲಿರುವ ಕಾಂಕ್ರೀಟ್ ಮಾದರಿಯಲ್ಲಿ ತಳಕ್ಕೆ 6ರಿಂದ 12 ಮಿಲಿಮೀಟರ್ ಜಲ್ಲಿ 5 ಸೆಂಟಿಮೀಟರ್, ಅದರ ಮೇಲೆ 0.7ರಿಂದ 6 ಮಿಲಿಮೀಟರ್‌ನ ಸಣ್ಣ ಜಲ್ಲಿ ಮತ್ತೆ 5 ಸೆಂಟಿಮೀಟರ್. ಆಮೇಲೆ 0.7 ಮಿಲಿಮೀಟರ್ ಜರಡಿಯಲ್ಲಿ ಇಳಿದ ಮರಳು ಅರ್ಧ ಮೀಟರಿಗೂ ತುಸು ಹೆಚ್ಚು. ಕಲ್ಲು ಪುಡಿ ಮಾಡಿದ ಮರಳೇ ಮೇಲು. ಹೊಳೆ ಮರಳಿನಲ್ಲಿ ಕೊಳೆತ ಎಲೆ, ಸಗಣಿ, ರೋಗಾಣು ಬೆರೆತಿರುತ್ತವೆ, ಕಡಲ ಮರಳಿನಲ್ಲಿ ಉಪ್ಪು. ಜರಡಿ ಹಿಡಿಯುವ ಮೊದಲು ಮರಳು ಪೂರಾ ಒಣಗಿರಲಿ.

ತೊಳೆಯುವುದರಲ್ಲಿ ಹೊಸಬರು ಎಡವುವುದು ಅತಿ ಶ್ರದ್ಧೆಯಿಂದ. ಜಲ್ಲಿಯನ್ನು ನೀರು ತಿಳಿಯಾಗುವ ತನಕ ತೊಳೆಯಬೇಕು ನಿಜ, ಮರಳನ್ನು ಹಾಗೆ ತೊಳೆಯಬಾರದು. ಗಾಜಿನ ಜಾಡಿಯಲ್ಲಿ ಅರ್ಧ ಮರಳು, ಅರ್ಧ ನೀರು ಹಾಕಿ, ಮುಚ್ಚಳ ಬಿಗಿದು, ಗರಗರ ತಿರುಗಿಸಿ ಕೆಳಗಿಡಿ. ಮೂರು ನಾಲ್ಕು ಸೆಕೆಂಡು ಬಿಟ್ಟು ಬಗ್ಗಿ ನೋಡಿ. ಬಗ್ಗಡದ ನಡುವೆ ಮರಳಿನ ಮೇಲ್ಮೈ ಮಸುಕುಮಸುಕಾಗಿ ಕಂಡರೆ ಸಾಕು, ನಿಲ್ಲಿಸಿ. ಏನೂ ಕಾಣದಿದ್ದರೆ ಇನ್ನೊಂದು ಸಲ ತೊಳೆಯಿರಿ. ನೀರು ಸ್ಫಟಿಕದಂತಿದ್ದರೆ ನುಣ್ಣನೆಯ ಕಣಗಳೆಲ್ಲ ಚರಂಡಿ ಸೇರಿದವು ಎಂದರ್ಥ. ಅಂಥ ಮರಳಿನಲ್ಲಿ ನೀರು ಭರ್ರನೆ ಇಳಿದುಬಿಡುತ್ತದೆ.

ತುಂಬುವಾಗ ಡಬ್ಬದಲ್ಲಿ ಮೊದಲೇ ನೀರಿರಲಿ, ಮರಳು ನೀರಿಗೇ ಬೀಳಲಿ. ಇಲ್ಲದಿದ್ದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಮೇಲಿನ 12 ಲೀಟರ್ ಜಾಗ ತುಂಬಿಸಿ, ತುಂಬಿದ್ದಾಗಲೇ ಹರಿವು ಅಳೆಯಿರಿ. 1 ಲೀಟರ್ ಬರಲು 150 ಸೆಕೆಂಡಾದರೂ ಹಿಡಿಯಬೇಕು. ಅದಕ್ಕಿಂತ ಬೇಗ ಬಂದರೆ ಮರಳು ಬದಲಿಸದೆ ಬೇರೆ ದಾರಿಯಿಲ್ಲ. ಬಕೆಟ್ ಬೇಗ ತುಂಬಿತೆಂದು ಮನೆಯವರು ಖುಷಿಪಟ್ಟರೂ ಒಪ್ಪಬೇಡಿ.

ಈ 12 ಲೀಟರಿಗೂ ಲೆಕ್ಕವಿದೆ. ಮರಳಿನ ಸಂದುಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ನೀರು ಹಿಡಿಯುತ್ತದೆ. ಈಗ ಸುರಿದ ನೀರು, ಕಳೆದ ಸಲದಿಂದ ಮರಳಿನೊಳಗೆ ತಂಗಿದ್ದ ನೀರನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಹರಿವು ನಿಂತ ಮೇಲೆ, ಮುಂದಿನ ಸುರಿತಕ್ಕೆ ಮೊದಲು ಕನಿಷ್ಠ 1 ಗಂಟೆ ಬಿಡುವು ಬೇಕು. 48 ಗಂಟೆಗಿಂತ ಹೆಚ್ಚು ಬಿಟ್ಟರೆ ಜೀವಿಗಳು ಹಸಿಯುತ್ತವೆ. ದಿನಕ್ಕೊಂದು ಕಡೆಯ ನೀರು ಹಾಕಿದರೂ ಪದರಕ್ಕೆ ಒಗ್ಗುವುದಿಲ್ಲ. ಅದು ಪೂರ್ತಿ ಬಲಿಯಲು 30 ದಿನದವರೆಗೂ ಬೇಕಾಗಬಹುದು.

ಕ್ಲೋರಿನ್ ಮೊದಲ ದಿನದಿಂದಲೇ ಬೇಕು, ಆದರೆ ಸೋಸಿದ ನೀರಿಗೆ ಮಾತ್ರ. ಮೇಲಿಂದ ಸುರಿಯುವ ನೀರಿಗೆ ಹಾಕಿದರೆ ಪದರವೇ ಸತ್ತುಹೋಗುತ್ತದೆ. ತಿಳಿನೀರಿಗೆ ಲೀಟರಿಗೆ 2 ಮಿಲಿಗ್ರಾಂ ಸಾಕು. ಶೇ. 1ರ ಹೈಪೋಕ್ಲೋರೈಟ್ (ದ್ರವರೂಪದ ಕ್ಲೋರಿನ್) ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ, ಅಂದರೆ 20 ಲೀಟರಿಗೆ 4 ಮಿಲಿಲೀಟರ್. ಕಲಕಿ, ಮುಚ್ಚಿ, 30 ನಿಮಿಷ ಬಿಟ್ಟು ಕುಡಿಯಬಹುದು. ಸೋಸಿದ ನೀರು ಹಿಡಿಯಲು ಬೇರೆಯೇ ಪಾತ್ರೆ ಇರಲಿ, ಕೈ ಹೋಗದಷ್ಟು ಕಿರಿದಾದ ಬಾಯಿ, ಕೆಳಗೊಂದು ನಲ್ಲಿ.

ಮಳೆಗಾಲದ ಬಗ್ಗಡ ನೀರನ್ನು ನೇರ ಸುರಿದರೆ ಕೆಲವೇ ದಿನದಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. 2 ಲೀಟರ್ ಬಾಟಲಿಯಲ್ಲಿ ನೀರು ತುಂಬಿ, ದೊಡ್ಡ ಅಕ್ಷರದ ಹಾಳೆಯ ಮೇಲಿಟ್ಟು ಮೇಲಿಂದ ನೋಡಿ. ಅಕ್ಷರ ಕಾಣದಿದ್ದರೆ ರಾತ್ರಿಯಿಡೀ ಬಿಟ್ಟು, ಗಸಿ ಕದಡದಂತೆ ತಿಳಿ ಬಸಿಯಿರಿ. ಹರಿವು ತೀರಾ ಕುಗ್ಗಿದಾಗ, ಸುರಿದ ನೀರು ಮರಳನ್ನು ಕೆದಕದಂತೆ ಮೇಲಿಟ್ಟಿರುವ ತೂತಿನ ತಟ್ಟೆ ತೆಗೆದು, 4 ಲೀಟರಿನಷ್ಟು ನೀರು ಹಾಕಿ, ಅಂಗೈಯಿಂದ ಮರಳಿನ ಮೇಲ್ಮೈಯನ್ನಷ್ಟೇ ಸುತ್ತಾಡಿಸಿ, ರಾಡಿಯನ್ನು ಚೊಂಬಿನಿಂದ ಮೊಗೆದು ಚೆಲ್ಲಿ. ಆಳಕ್ಕೆ ಕೈ ಹಾಕಬೇಡಿ. ಮೇಲ್ಮೈ ಮಟ್ಟ ಮಾಡಿ ತಟ್ಟೆ ಕೂರಿಸಿ. ಪದರ ಮತ್ತೆ ಚೇತರಿಸಿಕೊಳ್ಳುವವರೆಗೆ ಕ್ಲೋರಿನ್ ತಪ್ಪಿಸುವಂತಿಲ್ಲ.

ಫ್ಲೋರೈಡ್, ಆರ್ಸೆನಿಕ್, ಉಪ್ಪು, ಕೀಟನಾಶಕ ಇರುವ ನೀರಿಗೆ ಇದು ಮದ್ದಲ್ಲ. ಡಬ್ಬ ಎರಕ ಹೊಯ್ಯುವ ಮುನ್ನವೇ ನೀರು ಪರೀಕ್ಷೆ ಮಾಡಿಸಿ.

ಮರುಭೇಟಿಗೆ ಹೋದಾಗ ಮುಚ್ಚಳ ತೆಗೆಯುವ ಮೊದಲು ಪೈಪಿನ ಬಾಯಿ ನೋಡಿ. ಬಕೆಟ್ ಸರಿಸುವ ತಾಪತ್ರಯ ಬೇಡವೆಂದು ಯಾರೋ ರಬ್ಬರ್ ಕೊಳವೆ ಸಿಕ್ಕಿಸಿರುತ್ತಾರೆ. ಅದರ ತುದಿ ಕೆಳಗಿಳಿದಷ್ಟೂ ಸೈಫನ್ ಆಗಿ ಆ 5 ಸೆಂಟಿಮೀಟರನ್ನು ಹೀರಿಕೊಳ್ಳುತ್ತದೆ. ನಲ್ಲಿ ಕೂರಿಸಿದ್ದರೆ ತಿರುವುಮುರುವು: ಮುಚ್ಚಿದಾಗ ಮಟ್ಟ ಏರುತ್ತದೆ. ಎರಡನ್ನೂ ಕಿತ್ತುಹಾಕಿ, ಬಾಯಿಯನ್ನು ಸೋಪು, ಕ್ಲೋರಿನ್ ನೀರಿನಿಂದ ಒರೆಸಿ, ಬಕೆಟ್ ಇಡಲು ಸರಿಯಾದ ಎತ್ತರದ ಕಲ್ಲೊಂದನ್ನು ಕೊಟ್ಟು ಬನ್ನಿ.