ಆಕ್ಲೆಂಡ್‌ನ ಆಟಿ

ನ್ಯೂಜಿಲೆಂಡ್‌ನ ಚಳಿಗಾಲವೂ ನಮ್ಮ ಉಡುಪಿಯ ಮಳೆಗಾಲವೂ ಒಂದೇ ಹೊತ್ತಿಗೆ ಬರುತ್ತವೆ. ಜೂನ್, ಜುಲೈ, ಆಗಸ್ಟ್. ಅಮ್ಮ ಫೋನಿನಲ್ಲಿ "ಬಟ್ಟೆ ಒಣಗುವುದೇ ಇಲ್ಲ ಮಾರಾಯ್ತಿ" ಅಂದರೆ ನಾನೂ ಹೌದು ಅನ್ನುತ್ತೇನೆ. ಆಕ್ಲೆಂಡ್‌ನಲ್ಲೂ ಒಣಗುವುದಿಲ್ಲ. ಕಲ್ಯಾಣಪುರದ ನಮ್ಮ ಮನೆಯಲ್ಲಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತಾರೆ. ಹೊಗೆ ವಾಸನೆ ಬಂದರೂ ಒಣಗುತ್ತದೆ. ಇಲ್ಲಿ ಒಲೆ ಎಲ್ಲಿಂದ ತರುವುದು?

ನಮ್ಮ ಮೊದಲ ಬಾಡಿಗೆ ಮನೆ ಹಳೆಯ ಮರದ ಮನೆ. ಗೋಡೆ, ಮಾಡಿನೊಳಗೆ ಚಳಿ ತಡೆಯುವ ಪದರ ಇರಬೇಕು ಅಂತ ಈ ದೇಶದಲ್ಲಿ ಹೊಸ ಮನೆಗಳಿಗೆ ಕಡ್ಡಾಯ ಮಾಡಿದ್ದೇ 1978ರಲ್ಲಿ. ನಮ್ಮದು ಅದಕ್ಕಿಂತ ಹಳೆಯದು. ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಒಳಗಡೆ ನೀರು ಇಳಿಯುತ್ತಿತ್ತು. ಕಪಾಟಿನ ಹಿಂದೆ ಕಪ್ಪು ಬೂಷ್ಟು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಊರಲ್ಲಿ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳಲ್ಲಿ, ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಎಲ್ಲಕ್ಕೂ ಬೂಷ್ಟು ಬರುತ್ತದೆ, ಅಲ್ವಾ? ಒರೆಸಿ ಸುಮ್ನಾದೆ. ಊರಿನ ಹಂಚಿನ ಮನೆಗೆ ಸಂದಿಯಲ್ಲೆಲ್ಲ ಗಾಳಿ ಬರುತ್ತದೆ, ಇಲ್ಲಿ ನಾವು ಚಳಿಗೆ ಹೆದರಿ ಎಲ್ಲ ಮುಚ್ಚಿ ಕೂತಿದ್ದೇವೆ ಅನ್ನುವುದು ತಲೆಗೆ ಹೋಗಲಿಲ್ಲ.

ಮಗಳು ಹುಟ್ಟಿದ್ದು 2020ರ ಅಕ್ಟೋಬರಿನಲ್ಲಿ. ಆ ವರ್ಷ ಗಡಿ ಮುಚ್ಚಿತ್ತು. ಕೋವಿಡ್ ತಡೆಯಲು ಹಾಕಿದ ಬೀಗಕ್ಕೆ ಉಳಿದ ವೈರಸ್‌ಗಳೂ ಹೊರಗೆ ಉಳಿದವು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಆ ಚಳಿಗಾಲ ಇಲ್ಲಿ ಫ್ಲೂ ಶೇ 99.9ರಷ್ಟು ಇಳಿದಿತ್ತು. ಚಿಕ್ಕ ಮಕ್ಕಳ ಎದೆಗೆ ಇಳಿಯುವ ಆರ್‌ಎಸ್‌ವಿ ಅನ್ನುವ ವೈರಸ್ ಶೇ 98ರಷ್ಟು. ಮಗುವಿಗೆ ಒಂದು ಸೀನೂ ಬರಲಿಲ್ಲ ಅಂತ ನಾವು ಜಂಬ ಪಟ್ಟೆವು. 2021ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಕಡೆಗೆ ಬಾಗಿಲು ತೆರೆದರು. ಜೂನ್, ಜುಲೈಗೆ ಆರ್‌ಎಸ್‌ವಿ ಬಂತು ನೋಡಿ, ಹಿಂದಿನ ವರ್ಷದ ಬಾಕಿಯನ್ನೂ ಸೇರಿಸಿಕೊಂಡು ಬಂತು. ಅದನ್ನು ಎಂದೂ ಕಾಣದ ಮಕ್ಕಳು ಊರು ತುಂಬ ಇದ್ದರು. ತಾಯಂದಿರೂ ಹಿಂದಿನ ಚಳಿಗಾಲ ಅದನ್ನು ಕಂಡಿರಲಿಲ್ಲ, ಹಾಗಾಗಿ ಹೊಟ್ಟೆಯಲ್ಲಿದ್ದಾಗ ಮಗುವಿಗೆ ದಾಟಿಸುವ ರಕ್ಷಣೆಯೂ ಕಡಿಮೆ.

ಮಗಳಿಗೆ ಆಗ ಒಂಬತ್ತು ತಿಂಗಳು. ಮೊದಲು ಮೂಗು ಸೋರಿತು. ಮೂರನೇ ದಿನ ಹಾಲು ಬಿಟ್ಟಳು. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆಯುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಜ್ವರ ನೋಡುವ ಮೊದಲು ಅಂಗಿ ಎತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. 64. ಎರಡು ತಿಂಗಳು ದಾಟಿದ, ವರ್ಷ ತುಂಬದ ಮಗುವಿಗೆ ನಿಮಿಷಕ್ಕೆ 50 ಮುಟ್ಟಿದರೆ ಅದು ಜೋರು ಉಸಿರು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದರಿಂದ ಐದು ವರ್ಷದವರಿಗೆ 40. ಇದನ್ನು ಬರೆದು ಫ್ರಿಜ್ಜಿಗೆ ಅಂಟಿಸಿಕೊಳ್ಳಿ. ಮಗು ಸುಮ್ಮನಿದ್ದಾಗ ಎಣಿಸಬೇಕು, ಅಳುವಾಗ ಅಲ್ಲ.

ಅಡ್ಮಿಟ್ ಮಾಡಿದರು. ಬ್ರಾಂಕಿಯೊಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಸಣ್ಣ ಕೊಳವೆಗಳು ಊದಿ ಕಫ ಕಟ್ಟುವುದು. ಮೂಗಿಗೆ ಆಕ್ಸಿಜನ್, ಹೊಟ್ಟೆಗೆ ನಳಿಕೆಯಲ್ಲಿ ಹಾಲು. ಅಷ್ಟೇ. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಎಂಥದು, ಕಫಕ್ಕೆ ಒಂದು ಸಿರಪ್ ಸಹ ಕೊಡ್ಲಿಲ್ವಾ ಅವರು?"

ಆಮೇಲೆ ಫಾರಂ ತುಂಬಿಸಲು ಬಂದರು. ನೀವು ಯಾವ ಜನಾಂಗ? ಮನೆ ವಿಳಾಸ ಸರಿಯಾಗಿ ಹೇಳಿ. ನನಗೆ ಸಿಟ್ಟು ಬಂತು. ಮಗುವಿಗೆ ಉಸಿರಾಡಲು ಕಷ್ಟ, ಇವರಿಗೆ ಜಾತಿ ವಿಚಾರ. ಒರಟಾಗಿ "ಇಂಡಿಯನ್" ಅಂದೆ.

ಆ ವಾರ್ಡಿನಲ್ಲಿ ನಮ್ಮ ಸುತ್ತ ಇದ್ದವರು ಹೆಚ್ಚಿನವರು ಪೆಸಿಫಿಕ್ ಸಾಗರದ ಸಮೋವ, ಟೋಂಗ ದ್ವೀಪದವರು ಮತ್ತು ಈ ದೇಶದ ಮೂಲನಿವಾಸಿಗಳಾದ ಮಾವೋರಿಗಳು. ಇವರು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೇನೋ ಅಂತ ನನ್ನ ತಲೆಯಲ್ಲಿ ಬಂದದ್ದು ನಿಜ. ಪಕ್ಕದ ಹಾಸಿಗೆಯ ಸಮೋವನ್ ಅಜ್ಜಿ ಮೊಮ್ಮಗನನ್ನು ರಾತ್ರಿಯಿಡೀ ಎದೆ ಮೇಲೆ ಮಲಗಿಸಿಕೊಂಡೇ ಇದ್ದರು. ಅವರ ಮನೆಯಲ್ಲಿ ಒಂಬತ್ತು ಜನ. ಕರೆಂಟ್ ಬಿಲ್ಲಿಗೆ ಹೆದರಿ ಒಂದೇ ಕೋಣೆಗೆ ಹೀಟರ್. ಎಲ್ಲರೂ ಅಲ್ಲೇ ಮಲಗುತ್ತಾರೆ. ಒಬ್ಬನಿಗೆ ಕೆಮ್ಮು ಬಂದರೆ ಒಂಬತ್ತು ಜನಕ್ಕೂ ಬಂತು. "ಗೋಡೆಯಲ್ಲಿ ಬೂಷ್ಟು" ಅಂದರು. ನಮ್ಮ ಕಪಾಟಿನ ಹಿಂದಿನ ಗೋಡೆ ನೆನಪಾಯಿತು. ನಾನು ಹೇಳಲಿಲ್ಲ.

ಆ ಫಾರಂನ ಉಪಯೋಗ ಗೊತ್ತಾದದ್ದು ಆಮೇಲೆ. ಇಲ್ಲಿ ವಿಳಾಸ ಹೇಳಿದರೆ ಆ ಬೀದಿಯ ಬಡತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಅಂಕಿ ಸಿಗುತ್ತದೆ. ಹತ್ತು ಅಂದರೆ ತೀರಾ ಬಡ ಬೀದಿ. ಜನಾಂಗ, ಬೀದಿ ಎರಡನ್ನೂ ಜೋಡಿಸಿ ನೋಡಿದಾಗ ಮಾವೋರಿ ಮತ್ತು ಪೆಸಿಫಿಕ್ ಮಕ್ಕಳು ಉಸಿರಾಟದ ಕಾಯಿಲೆಗೆ ಉಳಿದವರಿಗಿಂತ ತುಂಬಾ ಜಾಸ್ತಿ ಆಸ್ಪತ್ರೆ ಸೇರುತ್ತಾರೆ ಅನ್ನುವುದು ಕಣ್ಣಿಗೆ ಕಂಡಿತು. ಆಸ್ಪತ್ರೆ ಉಚಿತ, 14 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಡಾಕ್ಟರ ಫೀಸೂ ಇಲ್ಲ. ಹಾಗಿದ್ದೂ ಈ ಅಂತರ. ಒಟಾಗೊ ವಿಶ್ವವಿದ್ಯಾಲಯದ ಫಿಲಿಪ್ಪಾ ಹೌಡನ್-ಚಾಪ್‌ಮನ್ ತಂಡ 1350 ಮನೆಗಳನ್ನು ಆರಿಸಿ, ಅರ್ಧಕ್ಕೆ ಮೊದಲು ಚಳಿ ತಡೆಯುವ ಪದರ ಹಾಕಿಸಿ, ಉಳಿದರ್ಧಕ್ಕೆ ಆಮೇಲೆ ಹಾಕಿಸಿ ಹೋಲಿಸಿ ನೋಡಿತು. ಮೊದಲು ಹಾಕಿಸಿದ ಮನೆಗಳಲ್ಲಿ ಉಬ್ಬಸ ಕಡಿಮೆ, ಶಾಲೆ ತಪ್ಪಿಸುವುದೂ ಕಡಿಮೆ. 2007ರಲ್ಲಿ ಅದು ಪ್ರಕಟವಾಯಿತು. ಈಗ ಬಾಡಿಗೆ ಮನೆಯ ಹಾಲ್ 18 ಡಿಗ್ರಿ ಮುಟ್ಟುವಂಥ ಹೀಟರ್ ಮಾಲೀಕನೇ ಹಾಕಿಸಬೇಕು. ನಿಯಮ 2019ರದ್ದು, ಖಾಸಗಿ ಬಾಡಿಗೆ ಮನೆಗಳಿಗೆ ಕೊನೆಯ ಗಡುವು 2025ರ ಜುಲೈ 1. ನಿಧಾನ ಅಂದರೆ ನಿಧಾನವೇ.

ಆ ಅಜ್ಜಿ ಇನ್ನೊಂದು ಕಥೆ ಹೇಳಿದ್ದರು. ಆಕ್ಲೆಂಡ್‌ನಿಂದ ಹೊರಟ ತಲೂನೆ ಅನ್ನುವ ಹಡಗು 1918ರ ನವೆಂಬರಿನಲ್ಲಿ ಫ್ಲೂ ಜ್ವರದವರನ್ನು ಹೊತ್ತು ಸಮೋವ ಮುಟ್ಟಿತು. ಆಗ ಅಲ್ಲಿ ಆಡಳಿತ ನ್ಯೂಜಿಲೆಂಡಿನದು, ತಡೆಯಲಿಲ್ಲ. ಐದರಲ್ಲಿ ಒಬ್ಬರು ಸತ್ತರು. ಪಕ್ಕದ ಅಮೆರಿಕನ್ ಸಮೋವದಲ್ಲಿ ಹಡಗುಗಳನ್ನು ದೂರ ನಿಲ್ಲಿಸಿದರು, ಒಬ್ಬರೂ ಸಾಯಲಿಲ್ಲ. 2002ರಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವದ ಕ್ಷಮೆ ಕೇಳಿದರು. ಅಜ್ಜಿ ಇದನ್ನು ನಿನ್ನೆ ಆದ ಹಾಗೆ ಹೇಳಿದ್ದರು.

ಕಳೆದ ಆಟಿಗೆ ಊರಿಗೆ ಬಂದಿದ್ದೆ. ಅಮಾವಾಸ್ಯೆ ಬೆಳಿಗ್ಗೆ ಪಾಲೆ ಕಷಾಯ ಕುಡಿದೆ. ಕತ್ತಿ ತಾಗಿಸದೆ ಕಲ್ಲಲ್ಲಿ ಜಜ್ಜಿ ತೆಗೆದ ತೊಗಟೆಯದ್ದು. ಅಬ್ಬಾ, ಆ ಕಹಿ. ಆಮೇಲೆ ಮೆಂತೆ ಗಂಜಿ. ಕಷಾಯ ಕುಡಿದರೆ ವರ್ಷಪೂರ್ತಿ ಕಾಯಿಲೆ ಇಲ್ಲ ಅಂತ ಅಮ್ಮನ ನಂಬಿಕೆ. ನನಗೆ ಇಲ್ಲ, ಆದರೆ ಗಂಜಿಯ ಆಸೆ ಉಂಟು.

ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಬಾಗಲಕೋಟೆ ಕಡೆಯ ಕೆಲಸದವರು ತಗಡಿನ ಶೆಡ್ಡಿನಲ್ಲಿದ್ದಾರೆ. ಅಮಾವಾಸ್ಯೆಯ ಮರುದಿನ ಒಬ್ಬಳು ಎಂಟು ತಿಂಗಳ ಮಗು ಹಿಡಿದು ಬಾಗಿಲಿಗೆ ಬಂದಳು. "ಕೂಸು ಹಾಲ ಕುಡಿವಲ್ದ್ರಿ ಅಕ್ಕಾರ." ಮಗುವಿನ ಅಂಗಿ ಎತ್ತಿ ಮೊಬೈಲಿನಲ್ಲಿ ನಿಮಿಷ ಇಟ್ಟು ಎಣಿಸಿದೆ. 58. ರಿಕ್ಷಾ ಕರೆದೆವು.

ಆಸ್ಪತ್ರೆಯ ಕೌಂಟರಿನಲ್ಲಿ ಮೊದಲ ಪ್ರಶ್ನೆ "ಕಾರ್ಡ್ ಉಂಟಾ?" ಇತ್ತು, ಪುಣ್ಯಕ್ಕೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎರಡನೇ ಪ್ರಶ್ನೆ ವಿಳಾಸ. ಮಗುವಿನ ಅಪ್ಪ ಆಧಾರ್ ಕೊಟ್ಟ. ಹುಡುಗಿ ಅದನ್ನು ನೋಡಿ ಟೈಪ್ ಮಾಡಿದಳು. ಹುನಗುಂದ ತಾಲೂಕಿನ ಒಂದು ಹಳ್ಳಿ. "ಇವರು ಇರುವುದು ಇಲ್ಲೇ, ನಮ್ಮ ಮನೆ ಪಕ್ಕ, ಶೆಡ್ಡಲ್ಲಿ" ಅಂದೆ. "ಆಧಾರಲ್ಲಿ ಇರುವುದೇ ಹಾಕುವುದು ಮೇಡಂ" ಅಂದಳು. ಅವಳದು ತಪ್ಪಿಲ್ಲ. ಆದರೆ ಸೋರುವ ತಗಡಿನ ಕೆಳಗೆ ಎದೆ ಕಟ್ಟಿದ ಮಗು ಕಾಗದದಲ್ಲಿ ಹುನಗುಂದದ ಒಣ ನೆಲಕ್ಕೆ ಹೋಯಿತು. ಆಸ್ಪತ್ರೆಗೆ ಬಾರದೆ ಶೆಡ್ಡಿನಲ್ಲೇ ಕೆಮ್ಮುವ ಮಕ್ಕಳಂತೂ ಯಾವ ಊರಿನ ಲೆಕ್ಕಕ್ಕೂ ಇಲ್ಲ.

ನಾಲ್ಕನೇ ದಿನ ಮಗು ಹಾಲು ಕುಡಿಯಿತು. ಶೆಡ್ಡಿಗೆ ಹೊಸ ತಗಡು ಹಾಕಿಸಿ ಅಂತ ಮೇಸ್ತ್ರಿಗೆ ಎರಡು ಸಲ ಹೇಳಿದೆ. ಮಳೆ ಬಿಡಲಿ ಅಂದ. ನಾನು ಹೊರಡುವ ದಿನವೂ ಆ ಮಗುವಿನ ಬಟ್ಟೆ ನಮ್ಮ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲೇ ಇತ್ತು.