ಮೀನಿಗೆ ಬೇಲಿ ಉಂಟೇ?

ಡಿಸೆಂಬರಿನ ಒಂದು ಮಧ್ಯಾಹ್ನ, ಕಡಲು ಚೆನ್ನಾಗಿ ಇಳಿದಿದ್ದ ಹೊತ್ತಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಮಾಸ್ ಬೀಚ್‌ಗೆ ಹೋಗಿದ್ದೆ. ನೀರು ಹಿಂದೆ ಸರಿದಿದ್ದ ಬಂಡೆಗಳ ಗುಳಿಗಳಲ್ಲಿ ನೇರಳೆ ಅರ್ಚಿನ್‌ಗಳು ತಮ್ಮದೇ ಆಕಾರದ ಪುಟ್ಟ ಪುಟ್ಟ ಕುಳಿಗಳಲ್ಲಿ ಅಡಗಿ ಕೂತಿದ್ದವು. ಇಳಿಯುವ ದಾರಿಯ ಪಕ್ಕದ ಫಲಕವು, ಅದು ಮೊಂಟಾರಾ ಸಾಗರ ಸಂರಕ್ಷಿತ ಪ್ರದೇಶವೆಂದೂ ಅಲ್ಲಿ ಮೀನು, ಏಡಿ, ಚಿಪ್ಪು ಯಾವುದನ್ನೂ ತೆಗೆಯಕೂಡದೆಂದೂ ನಕ್ಷೆಯ ಸಮೇತ ಹೇಳುತ್ತಿತ್ತು. ನಕ್ಷೆಯಲ್ಲಿದ್ದ ಗೆರೆಗಳು ದಡದಿಂದ ಹೊರಟು ಕಡಲಿನೊಳಗೆ ಕಡ್ಡಿಯಂತೆ ನೇರವಾಗಿ ಸಾಗಿದ್ದವು. ಅದರ ಫೋಟೋ ತೆಗೆದು, ಮೂವತ್ತು ವರ್ಷ ಮಲ್ಪೆಯಲ್ಲಿ ಟ್ರಾಲ್ ದೋಣಿ ನಡೆಸಿದ ನನ್ನ ಸೋದರಮಾವನಿಗೆ ಕಳಿಸಿದೆ. ರಾತ್ರಿ ಅವರ ಫೋನ್ ಬಂತು: "ಅಲ್ಲ ಮಾರಾಯ, ಮೀನಿಗೆ ಬೇಲಿ ಉಂಟಾ? ಅದು ಗೆರೆ ನೋಡಿ ನಿಲ್ಲುತ್ತದಾ?"

ಮಾವ ಇದನ್ನು ತಮಾಷೆಗೆ ಕೇಳಿದ್ದರು. ಆದರೆ ಸಾಗರ ಸಂರಕ್ಷಿತ ಪ್ರದೇಶಗಳ ಜಾಲವನ್ನು ರೂಪಿಸುವ ವಿಜ್ಞಾನ ಶುರುವಾಗುವುದೇ ಈ ಪ್ರಶ್ನೆಯಿಂದ. ನೆಲದ ಮೇಲಿನ ಅಭಯಾರಣ್ಯದಲ್ಲಿ ಮರ ನಿಂತಲ್ಲೇ ನಿಂತಿರುತ್ತದೆ, ಹುಲಿಮರಿ ತಾಯಿಯ ಹಿಂದೆಯೇ ಸುತ್ತುತ್ತದೆ. ಕಡಲಿನ ಬಹುಪಾಲು ಜೀವಿಗಳಿಗೆ ಎರಡು ಬಗೆಯ ಬದುಕು. ಕ್ಯಾಲಿಫೋರ್ನಿಯದ ಬಂಡೆಗಳ ನಡುವೆ ವಾಸಿಸುವ ಅನೇಕ ಜಾತಿಯ ರಾಕ್‌ಫಿಶ್‌ಗಳು ದೊಡ್ಡವಾದ ಮೇಲೆ ತಾವಿರುವ ಬಂಡೆಯ ಸುತ್ತಮುತ್ತ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಅವುಗಳ ಮರಿಗಳಾದರೋ ತೀರ ಸಣ್ಣವಾಗಿದ್ದಾಗಲೇ ಪ್ರವಾಹದ ಪಾಲಾಗಿ, ತಿಂಗಳುಗಟ್ಟಲೆ ತೇಲಿ, ಎಲ್ಲೋ ಒಂದು ಕಡೆ ನೆಲೆ ಹಿಡಿಯುತ್ತವೆ. ಆದ್ದರಿಂದ ಒಂದು ಸಂರಕ್ಷಿತ ಪ್ರದೇಶ ಎಷ್ಟು ದೊಡ್ಡದಿರಬೇಕು ಎಂಬುದನ್ನು ದೊಡ್ಡ ಮೀನಿನ ಓಡಾಟ ತೀರ್ಮಾನಿಸಿದರೆ, ಎರಡು ಪ್ರದೇಶಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದನ್ನು ಮರಿಯ ತೇಲಾಟ ತೀರ್ಮಾನಿಸುತ್ತದೆ. ಈ ಎರಡು ಲೆಕ್ಕಗಳು ಕೈಗೆ ಸಿಕ್ಕರೆ ಉಳಿದದ್ದೆಲ್ಲ ಅವುಗಳ ಸುತ್ತ ಹೆಣೆದುಕೊಳ್ಳುತ್ತದೆ.

ಕ್ಯಾಲಿಫೋರ್ನಿಯ ಈ ಲೆಕ್ಕಕ್ಕೆ ಕೈಹಾಕಿದ್ದು 1999ರಲ್ಲಿ. ಅಲ್ಲಿ ಹಿಂದೆಯೂ ಸಂರಕ್ಷಿತ ತಾಣಗಳಿದ್ದವು. ಆದರೆ ಅವು ಯಾರ್‍ಯಾರೋ ಯಾವ್ಯಾವುದೋ ಕಾಲದಲ್ಲಿ ಗುರುತಿಸಿದ, ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳು. ಅವನ್ನೆಲ್ಲ ಒಂದು ಜಾಲವಾಗಿ ಮರುರೂಪಿಸಬೇಕೆಂದು ಆ ವರ್ಷದ ಕಾನೂನು ಹೇಳಿತು. ಮೊದಲ ಯತ್ನದಲ್ಲಿ ತಜ್ಞರು ತಾವೇ ನಕ್ಷೆ ಬರೆದು ಜನರ ಮುಂದಿಟ್ಟರು, ಮೀನುಗಾರರು ಸಿಡಿದೆದ್ದರು, ನಕ್ಷೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಎರಡನೆಯ ಯತ್ನ ಹಣವಿಲ್ಲದೆ ನಿಂತಿತು. 2004ರಲ್ಲಿ ಖಾಸಗಿ ಪ್ರತಿಷ್ಠಾನಗಳ ನೆರವಿನಿಂದ ಶುರುವಾದ ಮೂರನೆಯ ಯತ್ನ 2012ರ ಡಿಸೆಂಬರಿನಲ್ಲಿ ದಡ ಸೇರಿದಾಗ, ಸುಮಾರು 1,770 ಕಿ.ಮೀ. ಕರಾವಳಿಯುದ್ದಕ್ಕೂ 124 ಸಂರಕ್ಷಿತ ಪ್ರದೇಶಗಳಿದ್ದವು. ರಾಜ್ಯದ ಅಧಿಕಾರಕ್ಕೆ ಒಳಪಟ್ಟ ಕಡಲಿನಲ್ಲಿ ಅವುಗಳ ಪಾಲು ಶೇ. 16ರಷ್ಟು. ಏನನ್ನೂ ಹಿಡಿಯಬಾರದೆಂಬ ಪೂರ್ಣ ನಿಷೇಧವಿರುವುದು ಆ ಕಡಲಿನ ಶೇ. 9ಕ್ಕೆ ತುಸು ಹೆಚ್ಚು ಭಾಗದಲ್ಲಿ.

ಈ ಮೂರನೆಯ ಯತ್ನದಲ್ಲಿ ವಿಜ್ಞಾನಿಗಳ ತಂಡ ನಕ್ಷೆ ಬರೆಯಲಿಲ್ಲ, ಅಳತೆಗೋಲನ್ನಷ್ಟೇ ಕೊಟ್ಟಿತು. ಪ್ರತಿ ಪ್ರದೇಶವೂ ಕರಾವಳಿಯುದ್ದಕ್ಕೆ ಕನಿಷ್ಠ 5ರಿಂದ 10 ಕಿ.ಮೀ., ಸಾಧ್ಯವಾದರೆ 10ರಿಂದ 20 ಕಿ.ಮೀ. ಚಾಚಿರಬೇಕು. ಮೀನು ಬೆಳೆಯುತ್ತ ಆಳಕ್ಕೆ ಸರಿಯುವುದರಿಂದ ಪ್ರದೇಶವು ದಡದಿಂದ ಹಿಡಿದು ಆಳದ ನೀರಿನವರೆಗೆ ಹೋಗಬೇಕು. ಒಂದು ಪ್ರದೇಶದಿಂದ ಇನ್ನೊಂದಕ್ಕೆ 50ರಿಂದ 100 ಕಿ.ಮೀ.ಗಿಂತ ಹೆಚ್ಚು ಅಂತರ ಇರಬಾರದು. 50 ಕಿ.ಮೀ. ಎಂದರೆ ಹೆಚ್ಚುಕಡಿಮೆ ಮಂಗಳೂರಿನಿಂದ ಮಲ್ಪೆಗಿರುವ ದೂರ. ಈ ಅಂತರವನ್ನು ಅಳೆಯುವ ರೀತಿಯಲ್ಲೇ ಒಂದು ಸೂಕ್ಷ್ಮವಿದೆ, ಮತ್ತು ನನಗೆ ಇಡೀ ವಿಷಯದಲ್ಲಿ ತುಂಬ ಹಿಡಿಸಿದ್ದು ಅದೇ. ಬಂಡೆಯ ಮೀನಿನ ಮರಿಗೆ ದಾರಿಯಲ್ಲಿ ಮರಳು ತಳದ ಸಂರಕ್ಷಿತ ಪ್ರದೇಶ ಸಿಕ್ಕರೆ ಏನೂ ಉಪಯೋಗವಿಲ್ಲ, ಅದು ಇಳಿದುಕೊಳ್ಳಲಾಗದ ಛತ್ರವಿದ್ದಂತೆ. ಆದ್ದರಿಂದ ಬಂಡೆಯಿಂದ ಬಂಡೆಗೆ, ಕೆಲ್ಪ್ ಪಾಚಿಯ ಕಾಡಿನಿಂದ ಕೆಲ್ಪ್ ಕಾಡಿಗೆ, ಮರಳಿನಿಂದ ಮರಳಿಗೆ ಅಂತರವನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಕಾಗದದ ಮೇಲೆ ಒತ್ತೊತ್ತಾಗಿ ಕಾಣುವ ಜಾಲವು ಯಾವುದೋ ಒಂದು ಜೀವಿಯ ಪಾಲಿಗೆ ದೊಡ್ಡ ತೂತಾಗಿರಲು ಸಾಧ್ಯ.

ಇಷ್ಟು ಸಣ್ಣ ಮರಿ ಎಷ್ಟು ದೂರ ಹೋಯಿತೆಂದು ತಿಳಿಯುವುದಾದರೂ ಹೇಗೆ? ಮರಿಗಳೆಲ್ಲ ಪ್ರವಾಹದ ಜೊತೆ ದೂರ ದೂರಕ್ಕೆ ಹೋಗುತ್ತವೆ, ಹುಟ್ಟಿದಲ್ಲಿ ಉಳಿಯುವುದು ಅಪರೂಪ ಎಂದೇ ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ಲಿಝರ್ಡ್ ದ್ವೀಪದ ಸುತ್ತ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿನ ಡ್ಯಾಮ್ಸೆಲ್ ಮೀನು ತಳದಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆ. ಸಂಶೋಧಕರು ಮುಳುಗಿ, ಮೊಟ್ಟೆಯೊಳಗಿನ ಭ್ರೂಣಗಳಿಗೆ ಟೆಟ್ರಾಸೈಕ್ಲಿನ್ ಔಷಧ ತಾಗುವಂತೆ ಮಾಡಿದರು. ಮೀನಿನ ಕಿವಿಯಲ್ಲಿ ಒಂದು ಪುಟ್ಟ ಸುಣ್ಣದ ಹರಳಿರುತ್ತದೆ, ಮರದ ಕಾಂಡದ ಹಾಗೆ ಪದರ ಪದರವಾಗಿ ಬೆಳೆಯುತ್ತದೆ. ಔಷಧ ಸೇರಿದ ಪದರವು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಹೀಗೆ ಗುರುತು ಹಾಕಿದ್ದು ಒಂದು ಕೋಟಿಗೂ ಹೆಚ್ಚು ಭ್ರೂಣಗಳಿಗೆ. ಕೆಲವು ವಾರಗಳ ನಂತರ ದ್ವೀಪಕ್ಕೆ ಮರಳಿದ ಮರಿಗಳಲ್ಲಿ 5,000ವನ್ನು ಹಿಡಿದು ಕಿವಿಹರಳು ನೋಡಿದಾಗ ಗುರುತು ಕಂಡದ್ದು ಹದಿನೈದರಲ್ಲಿ.

ಹದಿನೈದು ಎಂದಾಗ ನಗು ಬರುವುದು ಸಹಜ, ಲೆಕ್ಕ ಹಾಕಿದರೆ ನಗು ಉಳಿಯುವುದಿಲ್ಲ. 5,000ಕ್ಕೆ 15 ಎಂದರೆ ಶೇ. 0.3. ಆದರೆ ಗುರುತು ಹಾಕಿದ್ದು ದ್ವೀಪದಲ್ಲಿ ಹುಟ್ಟಿದ ಒಟ್ಟು ಭ್ರೂಣಗಳಲ್ಲಿ ಶೇ. 0.5ರಿಂದ 2ರಷ್ಟಕ್ಕೆ ಮಾತ್ರ. ಮರಳಿದ ಮರಿಗಳೆಲ್ಲ ಅದೇ ದ್ವೀಪದವೇ ಆಗಿದ್ದರೆ ಗುರುತಿನವು ಕೂಡ ಅದೇ ಪ್ರಮಾಣದಲ್ಲಿ ಸಿಗಬೇಕಿತ್ತು. 0.3ನ್ನು 2ರಿಂದಲೂ 0.5ರಿಂದಲೂ ಭಾಗಿಸಿ ನೋಡಿದರೆ, ಶೇ. 15ರಿಂದ 60ರಷ್ಟು ಮರಿಗಳು ಹುಟ್ಟಿದ ದ್ವೀಪಕ್ಕೇ ಹಿಂತಿರುಗಿದ್ದವು ಎಂದಾಯಿತು. ತೇಲಿಹೋಗುವುದೇ ಧರ್ಮವೆಂದುಕೊಂಡಿದ್ದ ಜೀವಿಗಳಲ್ಲಿ ಕೆಲವಾದರೂ ಮನೆ ಬಿಟ್ಟಿರಲಿಲ್ಲ.

ಅನಂತರ ಈ ಕೆಲಸಕ್ಕೆ ವಂಶವಾಹಿಯ ಪರೀಕ್ಷೆ ಬಂತು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನ ದಕ್ಷಿಣ ಭಾಗದ ಕೆಪ್ಪೆಲ್ ದ್ವೀಪಗಳಲ್ಲಿ ಕೋರಲ್ ಟ್ರೌಟ್ ಮತ್ತು ಸ್ಟ್ರೈಪಿ ಸ್ನ್ಯಾಪರ್ ಎಂಬ ಎರಡು ಮೀನುಗಳ ಮರಿಗಳನ್ನು ತಂದೆತಾಯಿಯರೊಡನೆ ಹೊಂದಿಸಿ ನೋಡಿದ 2012ರ ಅಧ್ಯಯನದ ಪ್ರಕಾರ, ಅಲ್ಲಿನ ದಿಬ್ಬಗಳಲ್ಲಿ ಶೇ. 28 ಮಾತ್ರ ಸಂರಕ್ಷಿತವಾಗಿದ್ದರೂ, 30 ಕಿ.ಮೀ. ದೂರದೊಳಗೆ ನೆಲೆಗೊಂಡ ಮರಿಗಳಲ್ಲಿ ಸುಮಾರು ಅರ್ಧದಷ್ಟು ಆ ಸಂರಕ್ಷಿತ ಭಾಗದ ಸಂತಾನವಾಗಿದ್ದವು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಿಡಿಯುವವರಿಲ್ಲದ ಕಡೆ ಮೀನಿನ ಸಂಖ್ಯೆಯೂ ಹೆಚ್ಚು, ಗಾತ್ರವೂ ಹೆಚ್ಚು. ಮೀನು ದಪ್ಪವಾದಂತೆ ಮೊಟ್ಟೆಯ ಸಂಖ್ಯೆ ತೂಕವನ್ನೂ ಮೀರಿ ಏರುತ್ತದೆ: ಎರಡೆರಡು ಕಿಲೋ ತೂಗುವ 28 ಅಟ್ಲಾಂಟಿಕ್ ಕಾಡ್ ಮೀನುಗಳು ಒಟ್ಟಾಗಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆಯನ್ನು 30 ಕಿಲೋದ ಒಂದೇ ಒಂದು ಹೆಣ್ಣು ಇಡುತ್ತದೆಂಬ ಅಂದಾಜಿದೆ. ನಮ್ಮ ಬಲೆಗಳು ಮೊದಲು ಬಳಿದುಕೊಂಡು ಹೋಗುವುದು ಇಂಥ ಹಿರಿಯರನ್ನೇ.

ಹಾಗಿದ್ದೂ 50ರಿಂದ 100 ಕಿ.ಮೀ. ಎಂಬ ಸಂಖ್ಯೆಯನ್ನು ಪ್ರಕೃತಿಯ ನಿಯಮವೆಂದು ತಿಳಿಯಬಾರದು, ಅದೊಂದು ರಾಜಿ. ಅಬಲೋನಿ ಎಂಬ ದೊಡ್ಡ ಚಿಪ್ಪಿನ ಮರಿ ತೇಲುವುದು ಕೆಲವೇ ದಿನ, ರಾಕ್‌ಫಿಶ್ ಮರಿ ತೇಲುವುದು ತಿಂಗಳುಗಟ್ಟಲೆ. ಎರಡಕ್ಕೂ ಸರಿಹೊಂದುವ ಒಂದೇ ಅಂತರ ಇರಲಾರದು. ಹತ್ತಿರ ಉದುರುವ ಮರಿಗಳಿಗೆ ತಾಯಿಯಿರುವ ಪ್ರದೇಶವೇ ಸಾಕಷ್ಟು ವಿಶಾಲವಾಗಿರಬೇಕು, ದೂರ ತೇಲುವವಕ್ಕೆ ಮುಂದಿನ ಪ್ರದೇಶ ಕೈಗೆಟುಕುವಂತಿರಬೇಕು ಎಂಬುದೇ ಇಲ್ಲಿನ ಯುಕ್ತಿ. 2003ರಲ್ಲಿ ಬಂದ ಒಂದು ಪ್ರಬಂಧವು ನಾಲ್ಕರಿಂದ ಆರು ಕಿ.ಮೀ. ಅಗಲದ ಪ್ರದೇಶಗಳನ್ನು 10ರಿಂದ 20 ಕಿ.ಮೀ.ಗೊಂದರಂತೆ ಇಡಲು ಸೂಚಿಸಿತ್ತು. ಕ್ಯಾಲಿಫೋರ್ನಿಯ ಅಷ್ಟು ಒತ್ತಾಗಿ ಇಡಲಿಲ್ಲ.

ಅಳತೆಗೋಲು ಸಿಕ್ಕಿದ ಮೇಲೆ ಗೆರೆ ಎಳೆಯುವವರು ಯಾರು? ಇದಕ್ಕೆ ಮಾರ್ಕ್ಸನ್ ಎಂಬ ಪ್ರಸಿದ್ಧ ತಂತ್ರಾಂಶವಿದೆ. ಆಸ್ಟ್ರೇಲಿಯದ ಇಯಾನ್ ಬಾಲ್ ಮತ್ತು ಹ್ಯೂ ಪಾಸಿಂಗ್‌ಹ್ಯಾಮ್ ರೂಪಿಸಿದ್ದು. ಕಡಲನ್ನು ನೂರೇ ನೂರು ಚೌಕಗಳಾಗಿ ಹಂಚಿದರೂ, ಯಾವುದನ್ನು ಸೇರಿಸಬೇಕು ಯಾವುದನ್ನು ಬಿಡಬೇಕು ಎಂಬ ಆಯ್ಕೆಗಳ ಸಂಖ್ಯೆಯನ್ನು ಬರೆಯಲು 31 ಅಂಕಿ ಬೇಕು. ಒಂದೊಂದನ್ನೂ ಪರೀಕ್ಷಿಸುವುದು ಆಗದ ಮಾತು. ಅದಕ್ಕಾಗಿ ಈ ತಂತ್ರಾಂಶವು ಕಾಯಿಸಿದ ಲೋಹವನ್ನು ಕಮ್ಮಾರ ನಿಧಾನವಾಗಿ ಆರಲು ಬಿಡುವ ರೀತಿಯನ್ನು ಅನುಸರಿಸುತ್ತದೆ: ಮೊದಮೊದಲು ಕೆಟ್ಟ ಬದಲಾವಣೆಗಳನ್ನೂ ಒಪ್ಪಿಕೊಳ್ಳುತ್ತ ಎಲ್ಲ ಕಡೆ ಅಲೆದಾಡಿ, ಬರಬರುತ್ತ ಬಿಗಿಯಾಗಿ, ಕಡಮೆ ನಷ್ಟದಲ್ಲಿ ಎಲ್ಲ ಗುರಿಗಳನ್ನೂ ಮುಟ್ಟುವ ಒಂದು ಜೋಡಣೆಯ ಬಳಿ ನೆಲೆಗೊಳ್ಳುತ್ತದೆ. ಗ್ರೇಟ್ ಬ್ಯಾರಿಯರ್ ರೀಫನ್ನು ಮರುವಿಂಗಡಿಸುವಾಗ ಇದರ ನೆರವು ಪಡೆದರು. ಆ ಕಡಲನ್ನು 70 ಜೈವಿಕ ವಲಯಗಳಾಗಿ ಗುರುತಿಸಿ, ಪ್ರತಿಯೊಂದರಲ್ಲೂ ಕನಿಷ್ಠ ಶೇ. 20 ಭಾಗಕ್ಕೆ ಪೂರ್ಣ ರಕ್ಷಣೆ ಇರಬೇಕೆಂಬ ನಿಯಮ ಹಾಕಿಕೊಂಡರು. ಜನರಿಂದ 31,000ಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಬಂದವು. 2004ರ ಜುಲೈ 1ರಂದು ಹೊಸ ವಿಂಗಡಣೆ ಜಾರಿಯಾದಾಗ, ಮೊದಲು ಶೇ. 5ಕ್ಕಿಂತ ಕಡಮೆಯಿದ್ದ ಮೀನುಗಾರಿಕಾ ನಿಷೇಧ ಶೇ. 33ಕ್ಕೆ ಏರಿತ್ತು.

ಕ್ಯಾಲಿಫೋರ್ನಿಯದಲ್ಲಿ ಗೆರೆ ಎಳೆದವರು ಮೀನುಗಾರರು, ಮುಳುಗುಗಾರರು, ಪರಿಸರದವರು, ಬಂದರಿನವರು. ಮರೀನ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯ ಮೇಲೆ ಅವರು ಆಕಾರ ಬಿಡಿಸುತ್ತಿದ್ದರು, ವಿಜ್ಞಾನಿಗಳು ಅದು ಅಳತೆಗೋಲಿಗೆ ಹೊಂದುತ್ತದೆಯೇ ಎಂದು ನೋಡಿ ಹೇಳುತ್ತಿದ್ದರು. ನಾನು ಫಲಕದಲ್ಲಿ ಕಂಡ ಕಡ್ಡಿಯಂಥ ಗೆರೆಗಳ ಹಿಂದಿನ ಕಾರಣವೂ ಮನುಷ್ಯರೇ. ಅಕ್ಷಾಂಶ ರೇಖಾಂಶಗಳಿಗೆ ಸಮನಾಗಿ ನೇರವಾಗಿದ್ದರೆ ದೋಣಿಯವರಿಗೆ ಜಿಪಿಎಸ್ ನೋಡಿ ತಾವು ಒಳಗೋ ಹೊರಗೋ ಎಂದು ತಿಳಿಯುವುದು ಸುಲಭ, ಕಾವಲಿನವರಿಗೆ ತೋರಿಸುವುದೂ ಸುಲಭ. ಬಂಡೆಯ ಅಂಚನ್ನು ಅನುಸರಿಸಿ ಹಾವಿನಂತೆ ಹರಿದಾಡುವ ಗೆರೆ ಮೀನಿಗೆ ಇನ್ನೂ ಒಪ್ಪುತ್ತಿತ್ತೇನೋ, ನ್ಯಾಯಾಲಯಕ್ಕೆ ಒಪ್ಪುವುದಿಲ್ಲ.

2030ರ ಹೊತ್ತಿಗೆ ಕಡಲಿನ ಶೇ. 30 ಭಾಗವನ್ನು ರಕ್ಷಿಸಬೇಕು ಎಂದು 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಜಗತ್ತಿನ ದೇಶಗಳು ಒಪ್ಪಿಕೊಂಡ ಗುರಿಯ ಬಗ್ಗೆ ನನಗಿರುವ ಅಳುಕು ಇಲ್ಲಿಯದೇ. ಶೇಕಡಾವಾರು ಗುರಿಯನ್ನು ಮುಟ್ಟಲು ಅತ್ಯಂತ ಸುಲಭದ ದಾರಿ, ಯಾರೂ ಮೀನು ಹಿಡಿಯದ ಕಡಲಿಗೆ ಗೆರೆ ಹಾಕುವುದು. ಜಗತ್ತಿನ 87 ಸಂರಕ್ಷಿತ ಪ್ರದೇಶಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು ರಕ್ಷಣೆ ಫಲ ಕೊಡಲು ಬೇಕಾದ ಐದು ಗುಣಗಳನ್ನು ಹೆಸರಿಸಿತು: ಪೂರ್ಣ ನಿಷೇಧ, ಸರಿಯಾದ ಕಾವಲು, ಹತ್ತು ವರ್ಷಕ್ಕೂ ಮಿಕ್ಕ ವಯಸ್ಸು, ನೂರು ಚದರ ಕಿ.ಮೀ.ಗೂ ಮಿಕ್ಕ ವಿಸ್ತಾರ, ಆಳ ನೀರಿನಿಂದಲೋ ಮರಳಿನಿಂದಲೋ ಪ್ರತ್ಯೇಕವಾಗಿರುವುದು. ಆ ಪ್ರದೇಶಗಳಲ್ಲಿ ಶೇ. 59ರಷ್ಟಕ್ಕೆ ಇದ್ದದ್ದು ಒಂದೋ ಎರಡೋ ಗುಣ ಮಾತ್ರ. ಅಂಥವು ಮೀನು ಹಿಡಿಯುವ ಪಕ್ಕದ ಜಾಗಗಳಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ.

ಇದನ್ನೆಲ್ಲ ಮಾವನಿಗೆ ವಿವರಿಸಲು ನನಗೆ ಎರಡು ಭಾನುವಾರ ಬೇಕಾಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗಿನ ನಮ್ಮ 61 ದಿನಗಳ ನಿಷೇಧ ಅವರಿಗೆ ಗೊತ್ತು. ಅದು ಕಾಲಕ್ಕೆ ಹಾಕಿದ ಬೇಲಿ. ಜಾಗಕ್ಕೆ ಹಾಕಿದ ಬೇಲಿ ಎಂದಾಗ ಅವರೇ ಶಿಶಿಲದ ಹೆಸರು ತೆಗೆದರು. ಅಲ್ಲಿ ದೇವಸ್ಥಾನದ ಮುಂದಿನ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಯಾರೂ ಹಿಡಿಯುವುದಿಲ್ಲ. ಸರಿಯೇ, ಆದರೆ ಅದು ಒಂದು ಗುಂಡಿ. ಈ ಜಾಲವೆಂದರೆ ಅಂಥ ಗುಂಡಿಗಳು ಹೊಳೆಯುದ್ದಕ್ಕೂ ಲೆಕ್ಕವಿಟ್ಟು ಇದ್ದಂತೆ ಎಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಗೆರೆಯ ಹೊರಗೆ ಮುಟ್ಟಿದ ಹಾಗೆಯೇ ಬಲೆ ಬಿಡುವುದು" ಎಂದರು. ಸಾಂತಾ ಬಾರ್ಬರಾ ಬಳಿಯ ಲಾಬ್‌ಸ್ಟರ್ ಹಿಡಿಯುವವರು ಮಾಡುವುದೂ ಅದನ್ನೇ, ಬೋನುಗಳನ್ನು ಅಂಚಿನುದ್ದಕ್ಕೂ ಇಳಿಬಿಡುತ್ತಾರೆ ಎಂದು ಹೇಳಿದೆ. ಅಲ್ಲಿ ಹಿಡಿಯುವ ಜಾಗದಲ್ಲಿ ಶೇ. 35ರಷ್ಟು ನಿಷೇಧಕ್ಕೆ ಒಳಗಾದರೂ ಆರು ವರ್ಷಗಳ ನಂತರ ಒಟ್ಟು ಹಿಡಿತ ಶೇ. 225ರಷ್ಟು ಏರಿತ್ತೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಮಾವ ಆ ಸಂಖ್ಯೆಯನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು, "ಮೊದಲಿನ ಆರು ವರ್ಷ ಡೀಸೆಲಿನ ಹಣ ಯಾರು ಕೊಟ್ಟರಂತೆ?" ಎಂದು ಕೇಳಿದರು.