ಏಳು ತಾಲ್ಲೂಕು, ಒಂದೇ ನೀಲಿ

ಆ ದಿನ ನಮ್ಮ ಮುಂದೆ ಬಂದ ಡ್ಯಾಶ್‌ಬೋರ್ಡಿನಲ್ಲಿ (ಅಂಕಿಗಳನ್ನು ಚಿತ್ರವಾಗಿ ತೋರಿಸುವ ಪರದೆ) ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳ ಮಳೆಗೆ ಏಳು ಬಣ್ಣದ ಏಳು ಗೆರೆಗಳಿದ್ದವು. ಸಾಫ್ಟ್‌ವೇರ್ ತನ್ನಷ್ಟಕ್ಕೆ ಸೊರಬಕ್ಕೆ ಕೆಂಪು ಹಚ್ಚಿತ್ತು. ಪಕ್ಕದ ಚೌಕದಲ್ಲಿ ರೆಡ್ ಅಲರ್ಟ್‌ಗೂ ಅದೇ ಕೆಂಪು. ನೋಡಿದವರೆಲ್ಲ ‘ಸೊರಬದಲ್ಲಿ ಏನಾಯ್ತು?’ ಅಂತಲೇ ಕೇಳಿದರು. ಅಲ್ಲಿ ಏನೂ ಆಗಿರಲಿಲ್ಲ.

ಮೊದಲು ಬಣ್ಣವನ್ನೆಲ್ಲ ತೆಗೆದೆವು. ಏಳೂ ಗೆರೆಗೆ ಬೂದು: ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎನ್ನುವ ಲೆಕ್ಕ) 148, 148, 148. ಬಿಳಿ ಹಿನ್ನೆಲೆಯ ಮೇಲೆ 3:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಬೇಕೆಂದರೆ ಇದಕ್ಕಿಂತ ತಿಳಿಯಾಗಬಾರದು. ಯಾವ ತಾಲ್ಲೂಕನ್ನು ಆರಿಸುತ್ತಾರೋ ಅದಕ್ಕಷ್ಟೇ ನೀಲಿ (0, 114, 178), ಗೆರೆಯೂ ಮೂರು ಪಟ್ಟು ದಪ್ಪ. ಯಾವ ಬಣ್ಣ ಯಾವ ತಾಲ್ಲೂಕಿನದು ಎಂದು ಪಕ್ಕದಲ್ಲಿ ಹೇಳುವ ಲೆಜೆಂಡ್ ಕಿತ್ತು ಹೆಸರನ್ನು ಗೆರೆಯ ತುದಿಗೇ ಬರೆದೆವು. ಕೆಂಪು ಇನ್ನು ಅಲರ್ಟ್‌ಗೆ ಮಾತ್ರ ಮೀಸಲು.

ಹೆಚ್ಚು ಹೊತ್ತು ಹಿಡಿದದ್ದು ನಕ್ಷೆ. ಆಗುಂಬೆ, ಹುಲಿಕಲ್ ಕಡೆಯ ಮಳೆಯನ್ನೂ ಶಿಕಾರಿಪುರದ ಮಳೆಯನ್ನೂ ಸಮಾನ ಅಂತರದ ಒಂದೇ ಸ್ಕೇಲಿಗೆ ಹಾಕಿದರೆ ಘಟ್ಟದಂಚು ಕಡುನೀಲಿ, ಉಳಿದ ಬಯಲೆಲ್ಲ ಒಂದೇ ಥರ ಪೇಲವ. ಅದಕ್ಕೇ ದಿನದ ಮಳೆಗೆ ಹವಾಮಾನ ಇಲಾಖೆಯ ಗಡಿಗಳನ್ನೇ ಇಟ್ಟೆವು: 64.5 ಮಿ.ಮೀ.ಯಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಮಳೆ. ಬಣ್ಣ ಒಂದೇ, ತಿಳಿಯಿಂದ ಕಡುವಿಗೆ. ಕಾಮನಬಿಲ್ಲಿನ ಸ್ಕೇಲ್ ಚೆಂದ ಕಾಣುತ್ತದೆ, ನಿಜ. ಆದರೆ ಅದರ ನಡುವಿನ ಹಳದಿಯೇ ಎಲ್ಲಕ್ಕಿಂತ ಹೊಳೆಯುವುದರಿಂದ ಮಧ್ಯಮ ಮಳೆಯೇ ದೊಡ್ಡ ಸುದ್ದಿಯಾಗಿಬಿಡುತ್ತದೆ.

ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ತೋರಿಸುವ ನಕ್ಷೆಗೆ ಕಂದು, ಬಿಳಿ, ನೀಲಿ. ಇಲ್ಲಿ ಸಾಫ್ಟ್‌ವೇರನ್ನು ನಂಬಬಾರದು. ಅಂಕಿಗಳು ಶೇಕಡ −20ರಿಂದ +60ರವರೆಗೆ ಇದ್ದರೆ ಅದು ಬಿಳಿಯನ್ನು ನಟ್ಟನಡುವಿನ +20ಕ್ಕೆ ಕೂರಿಸುತ್ತದೆ. ಶೇಕಡ 10 ಹೆಚ್ಚು ಮಳೆಯಾದ ತಾಲ್ಲೂಕೂ ಕಂದಾಗಿ ಒಣಗಿದಂತೆ ಕಾಣುತ್ತದೆ. ಸ್ಕೇಲನ್ನು ಕೈಯಾರೆ −60, 0, +60 ಎಂದು ಕಟ್ಟಬೇಕು. ಕೆಂಪು-ಹಸಿರು ಜೋಡಿ ಬೇಡವೇ ಬೇಡ. ಅವೆರಡರ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಕಪ್ಪುಬಿಳುಪು ಪ್ರಿಂಟ್ ತೆಗೆದರಂತೂ ಎರಡೂ ಹೆಚ್ಚುಕಮ್ಮಿ ಒಂದೇ ಬೂದು.

ಕೊನೆಗೆ ಉಳಿದದ್ದು ಖಾಲಿ ಅಂಕಿ. ಜಡಿಮಳೆಗೆ ಕರೆಂಟೂ ನೆಟ್‌ವರ್ಕೂ ಹೋದಾಗ ಮಾಪಕದ ಲೆಕ್ಕ ಬರುವುದಿಲ್ಲ. ಖಾಲಿಯನ್ನು ಸೊನ್ನೆ ಎಂದುಕೊಂಡರೆ ಅತಿ ಹೆಚ್ಚು ಸುರಿದ ಹೋಬಳಿಯೇ ಬಿಳಿಯಾಗಿ, ಮಳೆಯೇ ಇಲ್ಲವೆನ್ನುವಂತೆ ಕಾಣುತ್ತದೆ. ಅಂಥ ಕಡೆಗೆ ಓರೆಗೆರೆಯ ಬೂದು ತುಂಬಿ, ‘ಮಾಹಿತಿ ಬಂದಿಲ್ಲ’ ಎಂದು ಬರೆದೆವು.